ಮೂರು ಶಾಖೆ, ಒಬ್ಬನೇ ಗಣೇಶ

ನಿಮ್ಮ ಕಚೇರಿಯ ಕಂಪ್ಯೂಟರಿಗೊಂದು ಹೆಸರಿದೆಯಲ್ಲ, ಅದನ್ನಿಡುವಾಗ ನೀವು ಯಾರನ್ನಾದರೂ ಕೇಳಿದಿರಾ? ಇಂಥ ಅಧಿಕಪ್ರಸಂಗದ ಪ್ರಶ್ನೆ ಕೇಳುವ ಅಧಿಕಾರ ನನಗೆ ದಕ್ಕಿದ್ದು ತೊಂಬತ್ತರ ದಶಕದ ಕೊನೆಗೆ, ವಿದ್ಯಾರ್ಥಿಗಳಿಗೆ ಪಠ್ಯಪುಸ್ತಕ ಎರವಲು ಕೊಡುವ ಸಂಘವೊಂದಕ್ಕೆ ನಾನು ಕಾರ್ಯದರ್ಶಿಯಾಗಿದ್ದಾಗ.

ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳಲ್ಲಿ ನಮ್ಮ ಶಾಖೆಗಳು. ಒಂದರಲ್ಲಿಲ್ಲದ ಪುಸ್ತಕ ಇನ್ನೊಂದರಲ್ಲಿದೆಯೇ ಎಂದು ತಿಳಿಯಲು ಮಕ್ಕಳು ಬಸ್ಸು ಹತ್ತಿ ಅಲೆಯುತ್ತಿದ್ದರು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ಕಂಠವನ್ನೆಲ್ಲ ವ್ಯಯಿಸಿ, ಮೂರೂ ಕಚೇರಿಗಳ ಕಂಪ್ಯೂಟರುಗಳನ್ನು ಬಾಡಿಗೆಯ ಟೆಲಿಫೋನ್ ತಂತಿಯಿಂದ ಬೆಸೆಯಲು ಸಮಿತಿಯನ್ನು ಒಪ್ಪಿಸಿದೆ. ತಂತಿ ಬಂತು, ಆದರೆ ನೆರೆಹೊರೆಯ ಯಂತ್ರಗಳನ್ನು ತೋರಿಸಬೇಕಾದ ಪರದೆಯಲ್ಲಿ ಕಂಡದ್ದು ನಾನು ಕೂರುವ ಬಸವನಗುಡಿ ಕಚೇರಿಯವು ಮಾತ್ರ.

“ಏನ್ರೀ, ನಿಮ್ಮ ಭಾಷಣದಲ್ಲಿ ಮಲ್ಲೇಶ್ವರ ಚೆನ್ನಾಗಿ ಕಾಣ್ತಿತ್ತು. ಇದರಲ್ಲಿ ಯಾವಾಗ ಕಾಣುತ್ತೆ?” ಎಂದು ಅಧ್ಯಕ್ಷರು ಚುಚ್ಚಿದರು. ಮುಂದಿನ ಸಭೆಯೊಳಗೆ ಕಾಣದಿದ್ದರೆ ತಂತಿ ಕೀಳಿಸುವುದೆಂದು ನಿರ್ಣಯವಾಯಿತು.

ಯಂತ್ರವೊಂದು ‘ನಾನಿದ್ದೇನೆ’ ಎಂದು ಕೂಗುವುದು ತನ್ನ ಕಚೇರಿಯೊಳಗೇ. ನಡುವಿನ ರೂಟರ್ ಎಂಬ ದ್ವಾರಪಾಲಕ ಆ ಕೂಗನ್ನು ಹೊಸ್ತಿಲು ದಾಟಗೊಡುವುದಿಲ್ಲ. ಆದ್ದರಿಂದ ಮೂರೂ ಕಡೆಯ ಹೆಸರುಗಳನ್ನು ನೆನಪಿಟ್ಟು, ಕೇಳಿದವರಿಗೆ ಹೇಳುವ ಕೆಲಸಕ್ಕೆ ಬಸವನಗುಡಿಯ ಒಂದು ಯಂತ್ರವನ್ನು ಕೂರಿಸಿದೆವು. ಚಿಕ್ಕಪುಟ್ಟ ಯಂತ್ರಗಳೆಲ್ಲ ಸಾಲಾಗಿ ದರ್ಶನ ಕೊಟ್ಟವು. ಪುಸ್ತಕಗಳ ವಿವರ ಹೊತ್ತ ಮುಖ್ಯ ಯಂತ್ರ ಮಾತ್ರ ಮೂರರ ಬದಲು ಒಂದೇ! ಪೂಜೆ ಮಾಡಿ, ಕುಂಕುಮವಿಟ್ಟು, ತಮ್ಮ ಈ ಮುಖ್ಯ ಯಂತ್ರಕ್ಕೆ ಮೂರೂ ಶಾಖೆಯವರು ಇಟ್ಟಿದ್ದ ಹೆಸರು ‘ಗಣೇಶ’. ಒಂದು ಹೆಸರಿಗೆ ಒಂದೇ ಯಂತ್ರವೆಂಬುದು ಜಾಲದ ನಿಯಮ. ಬೆಳಿಗ್ಗೆ ಯಾರು ಮೊದಲು ಬಾಗಿಲು ತೆಗೆದರೋ ಅವರ ಗಣೇಶನೇ ಅಂದಿನ ಗಣೇಶ, ಉಳಿದಿಬ್ಬರು ಹೊರಗೆ. ವಿಘ್ನನಿವಾರಕನೇ ನನ್ನ ವಿಘ್ನವಾಗಿ ಕುಳಿತಿದ್ದ.

ಹೆಸರು ಬದಲಿಸಿರೆಂದು ಚಾಮರಾಜಪೇಟೆ ಶಾಖೆಯ ಮುಖ್ಯಸ್ಥೆ ಶಾಂತಮ್ಮನವರನ್ನು ಬೇಡಿಕೊಂಡೆ.

“ಪೂಜೆ ಮಾಡಿ ಇಟ್ಟಿರೋ ಹೆಸರು ಸಾರ್! ಬೇಕಾದ್ರೆ ಬಸವನಗುಡಿಯೋರು ಬದಲಾಯಿಸ್ಕೊಳ್ಳಲಿ.”

ಸಮಾನತೆ, ಸಹಕಾರ, ಸಾರ್ವಜನಿಕ ಹಿತಗಳ ಮೇಲೆ ನಾನು ನಿರರ್ಗಳವಾಗಿ ಮಾತನಾಡಿದೆ. ಅವರು ಆಕಳಿಸಿದರು. ವಾದ ಮುಗಿದು ಉಸಿರೂ ಮುಗಿಯುವ ಹೊತ್ತಿಗೆ, “ಅಲ್ಲಮ್ಮಾ, ಆ ದೇವರಿಗೆ ಇರೋದು ಒಂದೇ ಹೆಸರೇನ್ರಿ?” ಎಂದೆ.

ಅವರ ಕಣ್ಣರಳಿತು. “ಹಾಗಾದ್ರೆ ನಮಗೆ ವಿನಾಯಕ. ಮಲ್ಲೇಶ್ವರದೋರು ಕೇಳೋಕೆ ಮುಂಚೆ ಹಾಕ್ಬಿಡಿ!”

ಮಲ್ಲೇಶ್ವರಕ್ಕೆ ಗಜಾನನ ಸಂದ; ಗಣೇಶ ಬಸವನಗುಡಿಯಲ್ಲೇ ಉಳಿದ.

ಸಭೆಯ ದಿನ ಅಧ್ಯಕ್ಷರು ಕನ್ನಡಕವೇರಿಸಿ ಪರದೆಯ ಮುಂದೆ ಕುಳಿತರು. ಗಣೇಶ, ವಿನಾಯಕ, ಗಜಾನನ ಮೂವರೂ ಒಟ್ಟಿಗೆ ಅಲ್ಲಿದ್ದರು. ಕೌಂಟರಿನಲ್ಲಿ ರಸಾಯನಶಾಸ್ತ್ರದ ಪುಸ್ತಕ ಸಿಗದೆ ಹೊರಟಿದ್ದ ಹುಡುಗಿಯನ್ನು ನಿಲ್ಲಿಸಿ, ಗಜಾನನನೊಳಗೆ ತಾವೇ ಹುಡುಕಿ, “ಇರಮ್ಮಾ, ಮಲ್ಲೇಶ್ವರದಲ್ಲಿದೆ. ನೀನು ಹೋಗ್ಬೇಡ, ನಾವೇ ತರಿಸ್ತೀವಿ” ಎಂದು ಸಂಘವನ್ನೇ ತಾವು ಸ್ಥಾಪಿಸಿದವರಂತೆ ಬೀಗಿದರು. ಸಮಿತಿ ಚಪ್ಪಾಳೆ ತಟ್ಟಿತು, ತಂತಿ ಉಳಿಯಿತು; ನನ್ನ ಭಾಷಣಗಳಲ್ಲಿ ಯಾವುದೂ ಅಷ್ಟು ಚಪ್ಪಾಳೆ ಗಿಟ್ಟಿಸಿರಲಿಲ್ಲ.

ಹಂಚಿಕೊಳ್ಳಲು ಜನ ಹಿಂಜರಿಯುವುದಿಲ್ಲ, ತಮ್ಮದೆಂಬ ಒಂದು ಹೆಸರು ಉಳಿದರೆ ಸಾಕು ಎಂಬುದನ್ನು ಯಾವ ಚರ್ಚಾವೇದಿಕೆಯೂ ನನಗೆ ಕಲಿಸಿರಲಿಲ್ಲ. ಆದ್ದರಿಂದ ನನ್ನ ಬಿನ್ನಹವಿಷ್ಟೆ: ನಾಳೆ ಹೊಸ ಕಂಪ್ಯೂಟರಿಗೆ ಕುಂಕುಮವಿಡುವ ಮೊದಲು, ದಯವಿಟ್ಟು ಪಕ್ಕದ ಶಾಖೆಗೊಂದು ಫೋನ್ ಮಾಡಿ, ಅವರದರ ಹೆಸರೇನೆಂದು ಕೇಳಿ.