ಓಣಿಗೆ ಹಾಸಿದ ನೂಲು

ಮೊನ್ನೆ ಸೋಮವಾರ ಟ್ರಂಕಿನ ತಳದಿಂದ ಇಳಕಲ್ಲ ಸೀರೆ ತೆಗೆದೆ. ಗಂಜಿಯ ಹುಳಿ ವಾಸನೆ ಮೂಗಿಗೆ ಬಡಿಯಿತು. ಒಮ್ಮೆಯೇ ಉಟ್ಟದ್ದು, ಒಗೆದಿಲ್ಲ. ನೇಯ್ದವಳು ನಮ್ಮ ಓಣಿಯ ಅಕ್ಕ.

ನಮ್ಮದು ಇಳಕಲ್ಲಿನ ಅಂಚಿನ ಬಡಾವಣೆ. ಗ್ರಾನೈಟಿನ ದುಡ್ಡು ಬಂದ ಮೇಲೆ ಎದ್ದದ್ದು. ಮನೆಮನೆಗೆ ಕೆಂಪು ಕಲ್ಲಿನ ಕಂಬ, ನಾಯಿ ಮಲಗುವುದಕ್ಕೂ ಪಾಲಿಶ್ ಮಾಡಿದ ಕಟ್ಟೆ. ಅದಕ್ಕೂ ಮೊದಲು ಇಲ್ಲಿದ್ದದ್ದು ನೇಕಾರರ ಉದ್ದನೆಯ ಓಣಿ. ಅದನ್ನು ಇಲ್ಲಿ ಯಾರೂ ಹೇಳುವುದಿಲ್ಲ. ನಾವು ಬರುವ ಹೊತ್ತಿಗೆ ಉಳಿದದ್ದು ಅಕ್ಕನ ಮನೆಯೊಂದೇ...

ಸೀರೆಗೆ ಬೇಕಾದ ಉದ್ದೆಳೆಗಳನ್ನು ಆಕೆ ಬೆಳಗ್ಗೆ ಓಣಿಯುದ್ದಕ್ಕೂ ಬಿಗಿದು, ಗಂಜಿ ಹಚ್ಚಿ, ಕುಂಚದಿಂದ ತಿಕ್ಕಿ ಒಣಗಿಸುತ್ತಿದ್ದಳು. ನಮ್ಮ ಮನೆ ಕಟ್ಟುವಾಗ ಕುಡಿಯಲು ನೀರು ಕೊಟ್ಟವಳೂ ಆಕೆಯೇ. "ಏನ್ರಿ ಕಲ್ಲಿನ ಗೌಡ್ತಿ, ಇಷ್ಟ್ ದೊಡ್ಡ ಮನಿಯಾಗ ಗಂಡನ್ನ ಹುಡುಕೂದು ಹೆಂಗ್ರಿ?" ಎಂದು ನಗುತ್ತಿದ್ದಳು.

ಗೃಹಪ್ರವೇಶ ಹನ್ನೊಂದಕ್ಕೆ ಎಂದು ಆಕೆಗೆ ಹೇಳಿದ್ದೆ; ಅಷ್ಟರಲ್ಲಿ ನೂಲು ಒಣಗಿಸಿ ತೆಗೆಯುತ್ತೇನೆ ಎಂದಿದ್ದಳು. ಸ್ವಾಮಿಗಳು ಮುಹೂರ್ತವನ್ನು ಒಂಬತ್ತಕ್ಕೆ ತಂದರು. ಆಕೆಗೆ ತಿಳಿಸಲು ಮರೆತೆ. ಅಂದು ಓಣಿಯಲ್ಲಿ ಬಿಗಿದದ್ದು ಆಕೆಯ ಮಗಳ ಮದುವೆ ಸೀರೆಗಳ ನೂಲು. ಮಾರುವುದಕ್ಕಲ್ಲದೆ ತನ್ನ ಮನೆಗೆಂದು ಆಕೆ ಹಾಸಿದ್ದು ಅದೇ ಮೊದಲು. ಆಚೆ ತುದಿಯಲ್ಲಿ ಸ್ವಾಮಿಗಳ ಕಾರು ನೂಲು ದಾಟಲಾಗದೆ ನಿಂತಿತ್ತು.

"ಗೌಡ್ತೀ, ಒಂದ್ ತಾಸ್ ತಡೀರಿ. ಗಂಜಿ ಹಸೀ ಐತಿ. ಈಗ ಸುತ್ತಿದ್ರ ಎಳಿ ಎಳಿಗಿ ಅಂಟಿ ಎಲ್ಲಾ ಹಾಳಾಕ್ಕೈತಿ" ಎಂದಳು ಅಕ್ಕ.

"ಇದೇನ್ ನಿಮ್ಮಪ್ಪನ ಓಣಿ ಏನ?" ಎಂದರು ನಮ್ಮ ಭಾವ.

"ಹೌದ್ರಿ ಯಪ್ಪಾ, ನೀವು ಬರೂಕಿಂತ ಮೊದ್ಲು ನಮ್ಮಪ್ಪಂದ ಇತ್ತು."

ಎಲ್ಲರೂ ನನ್ನತ್ತ ನೋಡಿದರು. ಆಕೆ ನೇಯ್ದ ಸೀರೆಯನ್ನೇ ಉಟ್ಟು, ಕೈಯಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದೆ. "ಸುತ್ತವ್ವಾ, ಮುಹೂರ್ತ ಮೀರತೈತಿ" ಅಂದೆ. ಆಕೆ ಹಸಿ ನೂಲನ್ನು ಸುತ್ತಿ, ಮಗುವನ್ನು ಎತ್ತಿಕೊಂಡಂತೆ ಎತ್ತಿಕೊಂಡು ಒಳಗೆ ಹೋದಳು.

ನೂಲು ಅಂಟಿಕೊಂಡು ಹಗ್ಗವಾಯಿತು. ಮಗಳ ಮದುವೆ ಪೇಟೆಯ ಸೀರೆಯಲ್ಲಿ ಆಯಿತಂತೆ. ನಮ್ಮನ್ನು ಕರೆಯಲಿಲ್ಲ. ಆಮೇಲೆ ಬಡಾವಣೆಯವರು ಓಣಿಗೆ ಗೇಟು ಹಾಕಿದರು. ನೂಲು ಹಾಸಲು ಜಾಗವಿಲ್ಲದೆ ಆಕೆ ಮಗಳಿದ್ದ ಗುಳೇದಗುಡ್ಡಕ್ಕೆ ಹೋದಳು.

ಹೋದ ವರ್ಷ ಗಟ್ಟಿ ಮನಸ್ಸು ಮಾಡಿ ಹುಡುಕಿಕೊಂಡು ಹೋದೆ. ಅಕ್ಕ ತೀರಿಕೊಂಡಿದ್ದಳು. "ಅವ್ವ ಕಡೀತನಾ ನಿಮ್ಮ ಬಗ್ಗೆ ಒಂದ್ ಮಾತೂ ಆಡ್ಲಿಲ್ರಿ. ಒಳಗ ಬರ್ರಿ, ಚಾ ಕುಡೀರಿ" ಎಂದಳು ಮಗಳು. ಕುಡಿದೆ. ಅಷ್ಟಾದರೂ ಕೊಟ್ಟಳಲ್ಲ...

ದಿನಾ ದೀಪ ಹಚ್ಚುವಾಗ ಶಿವ ಕೊಟ್ಟದ್ದನ್ನು ಒಂದೊಂದೇ ನೆನೆಯುತ್ತೇನೆ. ಗಂಡ ಗಟ್ಟಿಮುಟ್ಟಾಗಿದ್ದಾರೆ. ನನ್ನ ಕಾಲುಗಳು ಇನ್ನೂ ನಡೆಯುತ್ತವೆ. ಮುಹೂರ್ತ ತಪ್ಪಲಿಲ್ಲ ಎಂಬುದನ್ನು ಮಾತ್ರ ಆ ಲೆಕ್ಕಕ್ಕೆ ಸೇರಿಸಲು ನಾಲಿಗೆ ಏಳುವುದಿಲ್ಲ.

ಮೊನ್ನೆ ಆ ಸೀರೆಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಲ್ಲಿ ಕೂತು ಓಣಿ ನೋಡಿದೆ. ಒಂದು ತಾಸು ಕೂತಿದ್ದೆ. ಒಂದು ಕಾರೂ ಬರಲಿಲ್ಲ.