ಹಗೇವಿಗೆ ಇಳಿದ ನೀರು

ಮುಗ್ಗಿದ ಜೋಳದ ವಾಸನೆ ಬಂದರೆ ಈಗಲೂ ನಾನು ಅಲ್ಲಿ ನಿಲ್ಲಲಾರೆ. ನಿಮಗೂ ಇಂಥ ಒಂದು ವಾಸನೆ ಇದ್ದೀತು. ಮೊನ್ನೆ ವಿಜಯಪುರದ ಕಿರಾಣಿ ಅಂಗಡಿಯಲ್ಲಿ ಚೀಲ ಬಿಚ್ಚಿದಾಗ ಅದೇ ಹುಳಿಹುಳಿ ವಾಸನೆ. ಏನೂ ಕೊಳ್ಳದೆ ಹೊರಗೆ ಬಂದುಬಿಟ್ಟೆ. ಬಬಲೇಶ್ವರದ ನಮ್ಮ ಮನೆಯ ಹಿತ್ತಲಲ್ಲಿ, ಅರವತ್ತರ ದಶಕದ ಮೊದಲ ವರ್ಷಗಳಲ್ಲಿ, ನಾನು ಸಣ್ಣವಳಿದ್ದಾಗ, ನೆಲದಡಿ ಒಂದು ಸೆಲೆ ಹರಿಯುತ್ತಿತ್ತು. ಕಣ್ಣಿಗೆ ಕಾಣದು, ಹಾಸುಗಲ್ಲಿಗೆ ಕಿವಿಯಿಟ್ಟು ಮಲಗಿದರೆ ಒಳಗೆ ಯಾರೋ ಮೆಲ್ಲಗೆ ಮಾತಾಡಿದಂತೆ ಕೇಳಿಸುತ್ತಿತ್ತು. ಗೋಡೆಯಾಚೆ, ತಗ್ಗಿನಲ್ಲಿದ್ದ ಕಾಶವ್ವನ ಅಂಗಳದಲ್ಲಿ ಅದು ಹೊರಬೀಳುತ್ತಿತ್ತು. ಅಲ್ಲಿನ ನಾಲ್ಕು ಮನೆಯವರು ಅದೇ ನೀರು ಕುಡಿಯುತ್ತಿದ್ದರು.

ಅಪ್ಪನ ತಮ್ಮ ಸೋಮಣ್ಣ ಕಾಕಾ ಹಿತ್ತಲಲ್ಲಿ ನಿಂಬೆ ಸಸಿ ಹಚ್ಚಿದ. ಬೇಸಿಗೆಗೆ ಅವು ಬಾಡತೊಡಗಿದಾಗ ಹಾಸುಗಲ್ಲು ಎಬ್ಬಿಸಿ, ಸೆಲೆಗೆ ಕಲ್ಲು, ಎರೆಮಣ್ಣು ಮೆತ್ತಿ ಅಡ್ಡಗಟ್ಟಿದ. "ಬ್ಯಾಡೋ ಸೋಮಣ್ಣ, ಕೆಳಗಿನವರು ಏನ್ ಕುಡೀಬೇಕು?" ಎಂದಳು ಅವನ ತಾಯಿ, ನನ್ನ ಆಯಿ. "ನಮ್ಮ ಹಿತ್ತಲದಾಗಿನ ನೀರು ನಮ್ಮದ ಬೇ," ಎಂದ ಕಾಕಾ. ಕಾಶವ್ವ ಬಂದು ಬಾಗಿಲಲ್ಲಿ ನಿಂತಳು. ಅವನು ಹೊರಗೇ ಬರಲಿಲ್ಲ. ನಿಂಬೆ ಚಿಗುರಿದವು. ಒಂದು ಮಧ್ಯಾಹ್ನ ಪಡಸಾಲೆಯಲ್ಲಿ ಮಲಗಿದ್ದೆ, ಸೆಲೆಯ ಆ ಮೆಲುಮಾತು ಅಲ್ಲಿಯೂ ನೆಲದಡಿ ಕೇಳಿಸಿತು. "ಕಾಕಾ, ನೀರು ಮನಿಯೊಳಗ ಬಂದೈತಿ!" ಎಂದು ಕುಣಿದೆ. "ಹುಚ್ಚಿ, ನಿನ್ನ ಕಿವ್ಯಾಗ ಬಂದಿರಬೇಕು ನೋಡು," ಎಂದು ಜಡೆ ಎಳೆದ. ಇಬ್ಬರೂ ನಕ್ಕೆವು. ಆಯಿಗಾದರೂ ಹೇಳಬೇಕಿತ್ತು. ಹೇಳಲಿಲ್ಲ.

ಪಡಸಾಲೆಯ ಮುಂದೆಯೇ ನಮ್ಮ ಹಗೇವು, ನೆಲದೊಳಗೆ ಜೋಳ ತುಂಬಿಡುವ ಗುಂಡಿ. ಅದರ ಬಾಯಿ ತೆರೆದ ದಿನ ಆ ವಾಸನೆ ಗಪ್ಪನೆ ಮುಖಕ್ಕೆ ಬಡಿಯಿತು. ಹೋಗಲು ದಾರಿಯಿಲ್ಲದ ನೀರು ಒಡ್ಡಿನಿಂದ ಹಿಂದೆ ಸರಿದು, ಹಗೇವಿಗೆ ಇಳಿದು ಕಾಳನ್ನೆಲ್ಲ ನೆನೆಸಿತ್ತು. ಹಗೇವು ತೆರೆದರೆ ಒಳಗಿನ ವಿಷಗಾಳಿ ಹೋಗಲು ಬಹಳ ಹೊತ್ತು ಬಿಡಬೇಕು, ಕಂದೀಲು ಇಳಿಬಿಟ್ಟು ನೋಡಬೇಕು, ಅದು ಆರದಿದ್ದರಷ್ಟೇ ಮನುಷ್ಯ ಇಳಿಯಬೇಕು. ನಮ್ಮೂರಲ್ಲಿ ಮಕ್ಕಳಿಗೂ ಇದು ಗೊತ್ತಿತ್ತು. "ಕಂದೀಲ ತರ್ತೀನಿ, ನಿಂದ್ರೋ!" ಎಂದು ಆಯಿ ಒಳಗೆ ಓಡಿದಳು. ಮನೆಮಂದಿಯ ಅನ್ನ ತನ್ನ ಕೈಯಿಂದ ಕೊಳೆಯಿತೆಂಬ ನಾಚಿಕೆಯೋ ಏನೋ, ಕಾಕಾ ನಿಲ್ಲದೆ ಇಳಿದೇಬಿಟ್ಟ. ಆಯಿ ಬರುವಷ್ಟರಲ್ಲಿ ಒಳಗಿನಿಂದ ಸದ್ದೇ ಇರಲಿಲ್ಲ. ಹಗ್ಗ ಹಾಕಿ ಮೇಲೆತ್ತಿದರು, ಜೀವ ಹೋಗಿತ್ತು.

ಮಣ್ಣು ಮಾಡಿ ಬಂದ ಮರುದಿನ ಆಯಿ ಹಿತ್ತಲಿಗೆ ಹೋಗಿ ಆ ಒಡ್ಡನ್ನು ಬರಿಗೈಯಿಂದ ಕಿತ್ತಳು. ನೀರು ಧಡಧಡನೆ ಗೋಡೆಯಾಚೆ ಇಳಿಯಿತು. ಅಳುತ್ತ ಬಂದ ಕಾಶವ್ವನ ಕೈ ಹಿಡಿದು, "ನಿನ್ನ ನೀರು ನಿನಗ ಬಂತಲ್ಲವ್ವಾ. ನನ್ನ ಮಗನ್ನ ನನಗ ಯಾರು ತಂದು ಕೊಡ್ತಾರ?" ಎಂದಳು. ಅಂದು ಕೆಳಗಿನ ನಾಲ್ಕು ಮನೆಗಳಲ್ಲಿ ಯಾರೂ ಕೊಡ ಹಿಡಿಯಲಿಲ್ಲ. ನೀರು ಇಡೀ ದಿನ ಸುಮ್ಮನೆ ಹರಿದುಹೋಯಿತು.