ಊದಿಸಿದ ವಾರಗಳು

ಕ್ಯಾನ್ಸರ್ ವಾಸಿಯಾಯಿತು, ಆದರೆ ಅದರ ಔಷಧಿಗೆ ನನ್ನ ಹೆಂಡತಿಯ ಹೃದಯ ಸೊರಗಿತ್ತು. ಉಸಿರಾಟದ ಸ್ನಾಯು ಬಲಗೊಂಡರೆ ಹೃದಯದ ಭಾರ ಇಳಿಯುತ್ತದೆ ಎಂದು ನಂಜನಗೂಡಿನ ಆಸ್ಪತ್ರೆಯಲ್ಲಿ ಒಂದು ಪ್ಲಾಸ್ಟಿಕ್ ಕೊಳವೆ ಕೊಟ್ಟರು. ಬಳಸುವುದು ಹೇಗೆಂದು ಕೇಳಿಸಿಕೊಂಡವನು ನಾನು. ಹೆಮ್ಮಿಗೆಯ ಮನೆಯಲ್ಲಿ ದಿನಾ ಎದುರು ಕೂತು, "ಇನ್ನೂ ಜೋರಾಗಿ ಊದೇ" ಎಂದು ಗದರುತ್ತಿದ್ದೆ. ಮೂರು ವಾರ ಎನ್ನುತ್ತದೆ ನೆನಪು. ಆದರೆ ನೆನಪು ನನ್ನ ಪಕ್ಷ ವಹಿಸುತ್ತದೆ. ಐದಾರು ವಾರವೇ ಇರಬೇಕು.

ಮತ್ತೆ ಆಸ್ಪತ್ರೆಗೆ ಹೋದಾಗ, ಹೆಂಡತಿ ಊದಿ ತೋರಿಸುತ್ತಿದ್ದಂತೆ ಥೆರಪಿಸ್ಟ್ ಹುಡುಗಿ ತಡೆದಳು. "ಅಯ್ಯೋ ಅಮ್ಮಾ, ಊದೋದಲ್ಲ, ಉಸಿರು ಒಳಕ್ಕೆ ಎಳ್ಕೋಬೇಕು. ಯಾರು ಹೇಳ್ಕೊಟ್ಟಿದ್ದು?"

ನಾನು ಬಾಯಿ ಬಿಡುವ ಮೊದಲೇ ಹೆಂಡತಿ ನಕ್ಕಳು. "ಯಾರೂ ಇಲ್ಲ ಕಣವ್ವ. ಒಲೆ ಊದಿ ಊದಿ ನಂಗೇ ರೂಢಿ."

ಬಾಯಿ ಬಿಡುವ ಮೊದಲೇ ಎಂದೆನೇ? ಇಲ್ಲ, ನನಗೆ ಸಮಯವಿತ್ತು. ಅವಳು ತೀರಿಕೊಂಡದ್ದು ಎಂಟು ತಿಂಗಳ ನಂತರ. ಅಷ್ಟು ದಿನವೂ ನಾನು ಬಾಯಿ ಬಿಡಲಿಲ್ಲ.